ಸಂಸತ್ತಿನ ಎರಡು ಸದನಗಳು: ಹಾವೇರಿ ಸೀಮೆಯಿಂದ ಕಂಡಂತೆ

ಭಾರತದ ಸಂಸತ್ತು ಎಂದರೆ ರಾಷ್ಟ್ರಪತಿ, ಲೋಕಸಭೆ, ರಾಜ್ಯಸಭೆ ಮೂರೂ ಸೇರಿದ ಸಂಸ್ಥೆ. ಸಂವಿಧಾನದ 79ನೇ ವಿಧಿ ಹೀಗೆಂದು ಹೇಳುತ್ತದೆ. ರಾಷ್ಟ್ರಪತಿ ಯಾವ ಸದನದ ಸದಸ್ಯರೂ ಅಲ್ಲ. ಆದರೂ ಅವರ ಅಂಕಿತ ಬೀಳದೆ ಮಸೂದೆ ಕಾಯ್ದೆಯಾಗದು. ಉಳಿದ ಎರಡು ಸದನಗಳ ಜೊತೆ ಹಾವೇರಿ ತಾಲ್ಲೂಕಿನ ಅಗಡಿಯಂಥ ಊರಿನ ಮತದಾರರಿಗಿರುವ ನಂಟು ಒಂದೇ ಬಗೆಯದಲ್ಲ. ಲೋಕಸಭೆಗೆ ತಾವೇ ಗುಂಡಿ ಒತ್ತಿ ಒಬ್ಬರನ್ನು ಕಳಿಸುತ್ತಾರೆ. ರಾಜ್ಯಸಭೆಗೆ ಅವರ ಪರವಾಗಿ ಮತ ಹಾಕುವುದು ಅವರ ಶಾಸಕರು. ಎರಡು ಸದನಗಳ ನಡುವಿನ ಅಧಿಕಾರದ ಹಂಚಿಕೆಯ ಬೇರು ಇಲ್ಲಿದೆ. ಖಜಾನೆ ಮತ್ತು ಸರ್ಕಾರದ ಅಳಿವು ಉಳಿವು ಲೋಕಸಭೆಯ ಕೈಯಲ್ಲಿ. ಸಂವಿಧಾನವನ್ನು ತಿದ್ದುವಾಗ, ರಾಜ್ಯಗಳ ಅಧಿಕಾರಕ್ಕೆ ಕೈಹಾಕುವಾಗ ಮಾತ್ರ ರಾಜ್ಯಸಭೆ ಒಪ್ಪದೆ ಏನೂ ನಡೆಯದು. ರಾಜ್ಯಸಭೆಯನ್ನು ಹಿರಿಯರು ಕೂತು ಮಾತಾಡುವ ಕಟ್ಟೆ ಎಂದು ತಳ್ಳಿಹಾಕುವವರು ಈ ಎರಡನೇ ಭಾಗವನ್ನು ಮರೆಯುತ್ತಾರೆ. ಹಾವೇರಿ ಸೀಮೆಯ ಇತಿಹಾಸವನ್ನೇ ಹಿಡಿದು ನೋಡಿದರೂ ಅದರ ತೂಕ ತಿಳಿಯುತ್ತದೆ.

ಲೋಕಸಭೆ

ಲೋಕಸಭೆಯಲ್ಲಿ ಈಗಿರುವ ಸ್ಥಾನಗಳು 543; ಅವುಗಳಲ್ಲಿ ಕರ್ನಾಟಕದ್ದು 28. ಆಂಗ್ಲೋ-ಇಂಡಿಯನ್ ಸಮುದಾಯದಿಂದ ಇಬ್ಬರನ್ನು ನಾಮಕರಣ ಮಾಡುವ ಪದ್ಧತಿ 104ನೇ ತಿದ್ದುಪಡಿಯಿಂದಾಗಿ 2020ರ ಜನವರಿಯಲ್ಲಿ ನಿಂತಿತು. ಅವಧಿ ಐದು ವರ್ಷ, ಅದಕ್ಕೂ ಮುಂಚೆ ವಿಸರ್ಜನೆಯಾಗಬಹುದು. 1952ರ ಮೊದಲ ಚುನಾವಣೆ ನಡೆದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಕ್ಷೇತ್ರದ ಹೆಸರು ಧಾರವಾಡ ದಕ್ಷಿಣ. ಹಾವೇರಿ ಹೆಸರಿನ ಲೋಕಸಭಾ ಕ್ಷೇತ್ರ ಹುಟ್ಟಿದ್ದು 2008ರ ಮರುವಿಂಗಡಣೆಯಲ್ಲಿ. ಇದರಡಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹಿರೇಕೆರೂರು, ಹಾನಗಲ್ಲ ಒಂದು ಕಡೆ. ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ ಇನ್ನೊಂದು ಕಡೆ. ಹಾವೇರಿ ಜಿಲ್ಲೆಗೇ ಸೇರಿದ ಶಿಗ್ಗಾವಿ ಮಾತ್ರ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಹೋಗಿದೆ. ಜಿಲ್ಲೆಯ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಆಗಬೇಕೆಂದಿಲ್ಲ. ಜನಸಂಖ್ಯೆ ಹೊಂದಿಸಬೇಕಾದಾಗ ಜಿಲ್ಲೆಗಳು ಹೀಗೆ ಒಡೆಯುತ್ತವೆ.

ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ಲೆಕ್ಕ 1971ರ ಜನಗಣತಿಯದು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಈ ಲೆಕ್ಕವನ್ನು ತಡೆಹಿಡಿಯಿತು. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಕುಟುಂಬ ಯೋಜನೆಯನ್ನು ಗಂಭೀರವಾಗಿ ಜಾರಿಗೆ ತಂದ ದಕ್ಷಿಣದ ರಾಜ್ಯಗಳು ಅದೇ ಕಾರಣಕ್ಕೆ ದಿಲ್ಲಿಯಲ್ಲಿ ದನಿ ಕಳೆದುಕೊಳ್ಳಬಾರದು ಎಂಬುದು ಇದರ ಹಿಂದಿನ ನ್ಯಾಯ, ಮತ್ತು ಅದು ಗಟ್ಟಿಯಾದ ನ್ಯಾಯವೇ. ಮಹಿಳೆಯರಿಗೆ ಮೂರನೇ ಒಂದು ಪಾಲು ಸ್ಥಾನ ಮೀಸಲಿಡುವ 106ನೇ ತಿದ್ದುಪಡಿ 2023ರ ಸೆಪ್ಟೆಂಬರಿನಲ್ಲಿ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಅದು ಲೋಕಸಭೆ ಮತ್ತು ವಿಧಾನಸಭೆಗಳಿಗೆ ಅನ್ವಯವಾಗುತ್ತದೆ, ರಾಜ್ಯಸಭೆಗೆ ಅನ್ವಯವಾಗುವುದಿಲ್ಲ.

ರಾಜ್ಯಸಭೆ

ಎರಡನೇ ಸದನ ಬೇಕೇ ಬೇಡವೇ ಎಂದು ಸಂವಿಧಾನ ಸಭೆಯಲ್ಲಿ ಜೋರು ಚರ್ಚೆಯಾಗಿತ್ತು. ಕ್ಷಣದ ಆವೇಶದಲ್ಲಿ ಹುಟ್ಟಿದ ಕಾನೂನಿಗೆ ಸ್ವಲ್ಪ ಬಿಡುವು ಕೊಡುವುದು, ಅನುಭವಿಗಳನ್ನು ಚರ್ಚೆಗೆ ಕರೆತರುವುದು ಅದರ ಉದ್ದೇಶವೆಂದು 1947ರ ಜುಲೈನಲ್ಲಿ ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ವಾದಿಸಿದರು. ಸದನ ಮೊದಲ ಸಲ ಸೇರಿದ್ದು 1952ರ ಮೇ 13ರಂದು. ರಾಜ್ಯಸಭೆ ಎಂಬ ಹೆಸರು ಬಂದದ್ದು 1954ರ ಆಗಸ್ಟಿನಲ್ಲಿ. ಒಟ್ಟು ಸ್ಥಾನ 245. ಅದರಲ್ಲಿ ಹನ್ನೆರಡು ಜನ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯ ಕ್ಷೇತ್ರಗಳಿಂದ ನಾಮಕರಣಗೊಂಡವರು. ಕರ್ನಾಟಕಕ್ಕೆ 12 ಸ್ಥಾನ, ಉತ್ತರ ಪ್ರದೇಶಕ್ಕೆ 31, ಗೋವಾಕ್ಕೆ ಒಂದು. ಅಮೆರಿಕದ ಸೆನೆಟ್‌ನಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ತಲಾ ಇಬ್ಬರು. ಭಾರತ ಆ ದಾರಿ ಹಿಡಿಯಲಿಲ್ಲ. ಇಲ್ಲಿ ಹಂಚಿಕೆ ಬಹುಮಟ್ಟಿಗೆ ಜನಸಂಖ್ಯೆಯನ್ನು ಅನುಸರಿಸುತ್ತದೆ. ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತರಾಗುತ್ತಾರೆ. ಹಾಗಾಗಿ ಕರ್ನಾಟಕದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ನಾಲ್ಕು ಸ್ಥಾನ ಖಾಲಿಯಾಗುತ್ತವೆ.

ಈ ಚುನಾವಣೆ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಮತ ಹಾಕುವವರು ವಿಧಾನಸಭೆಯ 224 ಚುನಾಯಿತ ಸದಸ್ಯರು ಮಾತ್ರ. ವಿಧಾನ ಪರಿಷತ್ತಿನವರಿಗೆ ಮತವಿಲ್ಲ. ಮತಯಂತ್ರ ಇಲ್ಲ, ಕಾಗದದ ಮತಪತ್ರ. ಚುನಾವಣಾ ಆಯೋಗ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಬೇರೆ ಪೆನ್ನು ಬಳಸಿದರೆ ಮತ ತಿರಸ್ಕೃತ. ಎಣಿಕೆಯಲ್ಲಿ ಒಂದೊಂದು ಮತಕ್ಕೂ 100ರ ಬೆಲೆ. ನಾಲ್ಕು ಸ್ಥಾನವಿದ್ದರೆ 22,400ನ್ನು ಐದರಿಂದ ಭಾಗಿಸಿ ಒಂದು ಕೂಡಿಸುತ್ತಾರೆ, 4,481 ಆಗುತ್ತದೆ. ಅಂದರೆ ಗೆಲುವಿಗೆ 45 ಮೊದಲ ಪ್ರಾಶಸ್ತ್ಯದ ಮತ ಸಾಕು. ಹೆಚ್ಚುವರಿ ಮತ ಎರಡನೇ ಪ್ರಾಶಸ್ತ್ಯದವರಿಗೆ ಹರಿದುಹೋಗುತ್ತದೆ. ಪಕ್ಷಗಳು ಯಾವ ಶಾಸಕ ಯಾರಿಗೆ ಮೊದಲ ಮತ, ಯಾರಿಗೆ ಎರಡನೇ ಮತ ಹಾಕಬೇಕೆಂದು ಮುಂಚಿನ ದಿನವೇ ಹಂಚಿಕೊಡುವುದು ಈ ಲೆಕ್ಕದ ದೆಸೆಯಿಂದ.

2003ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಗುಪ್ತ ಮತದಾನ ಹೋಗಿ, ಮತ ಹಾಕುವ ಮುನ್ನ ಶಾಸಕರು ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕಾಯಿತು. ಜೊತೆಗೆ, ಅಭ್ಯರ್ಥಿ ಆ ರಾಜ್ಯದ ಮತದಾರರೇ ಆಗಿರಬೇಕೆಂಬ ಷರತ್ತೂ ಹೋಯಿತು. ಪತ್ರಕರ್ತ ಕುಲದೀಪ್ ನಯ್ಯರ್ ಇವನ್ನು ಪ್ರಶ್ನಿಸಿದರು. 2006ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು. ಆಂಧ್ರದ ಎಂ. ವೆಂಕಯ್ಯ ನಾಯ್ಡು ಮೂರು ಸಲ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದರು. ಜೈರಾಮ್ ರಮೇಶ್, ನಿರ್ಮಲಾ ಸೀತಾರಾಮನ್, 2024ರಲ್ಲಿ ಅಜಯ್ ಮಾಕನ್ ಇದೇ ರಾಜ್ಯದ ಲೆಕ್ಕದಲ್ಲಿ ಆಯ್ಕೆಯಾದರು. ಇವರ ಯೋಗ್ಯತೆಯ ಬಗ್ಗೆ ತಕರಾರಿಲ್ಲ. ಆದರೆ ಮಹಾದಾಯಿ, ಕಾವೇರಿ, ತೆರಿಗೆ ಪಾಲು ಇಂಥ ಪ್ರಶ್ನೆ ಎದ್ದಾಗ ಹನ್ನೆರಡು ಜನ ರಾಜ್ಯದ ಹೆಸರಿನಲ್ಲಿ ಒಟ್ಟಾಗಿ ಎದ್ದು ನಿಲ್ಲಬೇಕು ಎಂಬ ನಿರೀಕ್ಷೆ ಈ ಬದಲಾವಣೆಯಿಂದ ತೆಳುವಾಯಿತು. ಜರ್ಮನಿಯ ಬುಂಡೆಸ್‌ರಾಟ್‌ನಲ್ಲಿ ರಾಜ್ಯ ಸರ್ಕಾರಗಳೇ ತಮ್ಮ ಪ್ರತಿನಿಧಿಗಳನ್ನು ಕಳಿಸುತ್ತವೆ, ಮತವೂ ರಾಜ್ಯದ್ದೇ. ಭಾರತದ ರಾಜ್ಯಸಭೆಯಲ್ಲಿ ಮತ ಬೀಳುವುದು ಪಕ್ಷದ ಸಾಲಿನಂತೆ.

ನಾಮಕರಣಗೊಂಡವರಲ್ಲಿ ಕರ್ನಾಟಕದ ನಂಟಿನವರು ಹಲವರು. ವಿಜ್ಞಾನಿ ರಾಜಾ ರಾಮಣ್ಣ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆ, 2024ರಲ್ಲಿ ಶಿಗ್ಗಾವಿಯಲ್ಲಿ ಹುಟ್ಟಿದ ಲೇಖಕಿ ಸುಧಾ ಮೂರ್ತಿ. ಮೈಸೂರಿನ ಆರ್.ಕೆ. ನಾರಾಯಣ್ 1986ರಲ್ಲಿ ಸದಸ್ಯರಾದರು. ಮಕ್ಕಳ ಬೆನ್ನಿನ ಮೇಲಿನ ಶಾಲಾ ಚೀಲದ ಭಾರವನ್ನು ಅವರು ಸದನದ ವಿಷಯ ಮಾಡಿದರು. ಮುಂದೆ ಯಶ್ ಪಾಲ್ ಸಮಿತಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತು.

ಪೀಠದಲ್ಲಿ ಕೂತವರು

ಲೋಕಸಭೆಗೆ ಸ್ಪೀಕರ್, ಸದಸ್ಯರೇ ಆರಿಸಿದವರು. ರಾಜ್ಯಸಭೆಗೆ ಉಪರಾಷ್ಟ್ರಪತಿಯೇ ಸಭಾಪತಿ. ಉಪಸಭಾಪತಿಯನ್ನು ಸದಸ್ಯರು ಆರಿಸುತ್ತಾರೆ. ರಾಜ್ಯಸಭೆಯ ಮೊಟ್ಟಮೊದಲ ಉಪಸಭಾಪತಿ ಮೈಸೂರು ರಾಜ್ಯದ ಎಸ್.ವಿ. ಕೃಷ್ಣಮೂರ್ತಿ ರಾವ್. 1952ರಿಂದ ಹತ್ತು ವರ್ಷ ಆ ಪೀಠದಲ್ಲಿದ್ದು, 1962ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದು ಅಲ್ಲಿ ಉಪಸಭಾಧ್ಯಕ್ಷರಾದರು. ಜಮಖಂಡಿ ಕಡೆಯ ಬಿ.ಡಿ. ಜತ್ತಿ 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿ ರಾಜ್ಯಸಭೆ ನಡೆಸಿದರು. 1977ರಲ್ಲಿ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು. ಕೆ.ಎಸ್. ಹೆಗ್ಡೆಯವರ ಕತೆ ಇನ್ನೂ ದೊಡ್ಡದು: ರಾಜ್ಯಸಭೆಯ ಸದಸ್ಯ, ಹೈಕೋರ್ಟ್ ನ್ಯಾಯಮೂರ್ತಿ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಕೊನೆಗೆ 1977ರಿಂದ ಲೋಕಸಭೆಯ ಸ್ಪೀಕರ್. ಅವರ ಹೆಸರು ಮುಂದೆಯೂ ಬರುತ್ತದೆ.

ಸದನದಲ್ಲಿ ಕನ್ನಡ ಕೇಳಿಸಿದ್ದೂ ಒಂದು ಘಟನೆಯೇ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಮೊದಲಿಗರಾದರು. ಹಿಂದಿ ಅಥವಾ ಇಂಗ್ಲಿಷ್ ಬಾರದವರಿಗೆ ತಾಯ್ನುಡಿಯಲ್ಲಿ ಮಾತಾಡಲು ಪೀಠ ಅವಕಾಶ ಕೊಡಬಹುದೆಂದು 120ನೇ ವಿಧಿ ಹೇಳುತ್ತದೆ. ಇಂದು ಸದನದಲ್ಲಿ ತರ್ಜುಮೆಯ ಏರ್ಪಾಡಿದೆ.

ಕಾನೂನು ಹುಟ್ಟುವ ದಾರಿ

ಸಾಮಾನ್ಯ ಮಸೂದೆ ಯಾವ ಸದನದಲ್ಲಾದರೂ ಮೊದಲು ಬರಬಹುದು. ಮಂಡನೆ, ತತ್ವದ ಮೇಲಿನ ಚರ್ಚೆ, ಒಂದೊಂದು ಕಲಮಿನ ಪರಿಶೀಲನೆ, ಅಂತಿಮ ಮತ: ಎರಡೂ ಕಡೆ ಇದೇ ಹಾದಿ. ನಿಜವಾದ ಜಿಜ್ಞಾಸೆ ನಡೆಯಬೇಕಾದದ್ದು ಸಮಿತಿಯಲ್ಲಿ. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಆರಂಭವಾದವು, ಈಗ 24 ಇವೆ. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಜನ. ಬಾಗಿಲು ಮುಚ್ಚಿ ಕೂರುವುದರಿಂದ ಅಲ್ಲಿ ಪಕ್ಷಭೇದ ಸ್ವಲ್ಪ ಸಡಿಲುತ್ತದೆ, ಅಧಿಕಾರಿಗಳನ್ನೂ ತಜ್ಞರನ್ನೂ ಕರೆಸಿ ಕೇಳಬಹುದು.

ಸಮಿತಿಯನ್ನು ದಾಟಿಸಿಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ 2020ರ ಕೃಷಿ ಕಾಯ್ದೆಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ಕೃಷಿ ಮಾರುಕಟ್ಟೆ ರಾಜ್ಯಪಟ್ಟಿಯ ವಿಷಯ. ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರ ಆ ಬಾಗಿಲಿನಿಂದ ಒಳಬಂತು. ಎಪಿಎಂಸಿ ಪ್ರಾಂಗಣದ ಹೊರಗೆ ನಡೆಯುವ ವ್ಯಾಪಾರಕ್ಕೆ ಮಾರುಕಟ್ಟೆ ಶುಲ್ಕವೇ ಇಲ್ಲ ಎಂಬುದು ಮುಖ್ಯ ಕಾಯ್ದೆಯ ತಿರುಳು. ಬ್ಯಾಡಗಿಯಂಥ ಪೇಟೆಯಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಮೆಣಸಿನಕಾಯಿ ಚೀಲ ದಲಾಲರ ಅಂಗಡಿ ಮುಂದೆ ಇಳಿದು, ಟೆಂಡರಿಗೆ ಬಿದ್ದು, ತೂಕವಾಗಿ, ಹಮಾಲರ ಹೆಗಲೇರಿ ಹೋಗುವ ಇಡೀ ವ್ಯವಸ್ಥೆ ನಿಂತಿರುವುದು ಪ್ರಾಂಗಣದ ಮೇಲೆ. ಅದರ ಲೋಪಗಳು ರೈತರಿಗೆ ತಿಳಿಯದವಲ್ಲ. ಸರಿಪಡಿಸುವುದು ಹೇಗೆಂದು ಅವರನ್ನೂ ಕೇಳಬೇಕಿತ್ತು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧಪಕ್ಷಗಳು ಮಸೂದೆಗಳನ್ನು ಆಯ್ಕೆ ಸಮಿತಿಗೆ ಕಳಿಸಿ ಎಂದವು, ಮತವಿಭಜನೆಗೂ ಒತ್ತಾಯಿಸಿದವು. ಗದ್ದಲದ ನಡುವೆ ಧ್ವನಿಮತದಿಂದ ಎರಡು ಮಸೂದೆ ಅಂಗೀಕಾರವಾದವು. ಒಂದು ವರ್ಷಕ್ಕೂ ಹೆಚ್ಚು ಕಾಲ ರೈತರು ದಿಲ್ಲಿಯ ಗಡಿಯಲ್ಲಿ ಕೂತರು. 2021ರ ನವೆಂಬರ್ 29ರಂದು ಎರಡೂ ಸದನಗಳು ಒಂದೇ ದಿನ, ಚರ್ಚೆಯೇ ಇಲ್ಲದೆ, ಆ ಕಾಯ್ದೆಗಳನ್ನು ಹಿಂಪಡೆದವು. ತರುವಾಗಲೂ ತೆಗೆಯುವಾಗಲೂ ಎರಡನೇ ಸದನ ತನ್ನ ಕೆಲಸ ಮಾಡಲಿಲ್ಲ.

ಮಾಡಿದಾಗ ಪರಿಣಾಮ ಬೇರೆಯೇ. ಜಿಎಸ್‌ಟಿ ತಿದ್ದುಪಡಿ ಮಸೂದೆ 2015ರ ಮೇ ತಿಂಗಳಲ್ಲಿ ಲೋಕಸಭೆ ದಾಟಿ ರಾಜ್ಯಸಭೆಗೆ ಬಂದಾಗ ಅಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ. ಆಯ್ಕೆ ಸಮಿತಿ ಕೂತಿತು, ಮಾತುಕತೆ ವರ್ಷ ದಾಟಿತು. ಕೊನೆಗೆ ಅಂತರರಾಜ್ಯ ಸರಕಿನ ಮೇಲಿನ ಶೇ. 1ರ ಹೆಚ್ಚುವರಿ ತೆರಿಗೆಯನ್ನು ಕೈಬಿಟ್ಟು 2016ರ ಆಗಸ್ಟ್ 3ರಂದು ರಾಜ್ಯಸಭೆ ಒಪ್ಪಿತು. ಲೋಕಸಭೆ ಆ ತಿದ್ದುಪಡಿಗಳಿಗೆ ಮರು ಒಪ್ಪಿಗೆ ಕೊಟ್ಟಿತು.

ಒಂದು ಸದನ ಒಪ್ಪಿ ಇನ್ನೊಂದು ಒಪ್ಪದಿದ್ದರೆ, ಅಥವಾ ಆರು ತಿಂಗಳಿಗೂ ಹೆಚ್ಚು ಕಾಲ ಕೂರಿಸಿಕೊಂಡರೆ, ರಾಷ್ಟ್ರಪತಿ ಜಂಟಿ ಅಧಿವೇಶನ ಕರೆಯಬಹುದು. ಇದರ ಅಧ್ಯಕ್ಷತೆ ಲೋಕಸಭೆಯ ಸ್ಪೀಕರ್‌ರದು, ಸಂಖ್ಯೆಯ ಬಲವೂ ಲೋಕಸಭೆಯದೇ. ಮಸೂದೆಗಾಗಿ ಹೀಗೆ ಸೇರಿದ್ದು ಮೂರೇ ಸಂದರ್ಭಗಳಲ್ಲಿ: 1961ರ ವರದಕ್ಷಿಣೆ ನಿಷೇಧ ಮಸೂದೆ, 1978ರ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ ಮಸೂದೆ, 2002ರ ಭಯೋತ್ಪಾದನೆ ತಡೆ ಮಸೂದೆ. ನಡುವಿನದಕ್ಕೆ ಸ್ಪೀಕರ್ ಆಗಿದ್ದವರು ಕೆ.ಎಸ್. ಹೆಗ್ಡೆ.

ಹಣದ ಮಾತು

ಹಣದ ವಿಷಯದಲ್ಲಿ ರಾಜ್ಯಸಭೆ ಸಲಹೆಗಾರ ಮಾತ್ರ. ತೆರಿಗೆ, ಸಾಲ, ಖಜಾನೆಯಿಂದ ಹಣ ತೆಗೆಯುವುದು ಇಷ್ಟಕ್ಕೇ ಸೀಮಿತವಾದ ಮಸೂದೆಯನ್ನು ಧನ ವಿಧೇಯಕ ಎನ್ನುತ್ತಾರೆ. ಅದು ಲೋಕಸಭೆಯಲ್ಲೇ ಹುಟ್ಟಬೇಕು. ರಾಜ್ಯಸಭೆ ಹದಿನಾಲ್ಕು ದಿನದೊಳಗೆ ಶಿಫಾರಸಿನೊಂದಿಗೆ ವಾಪಸು ಮಾಡಬೇಕು. ಶಿಫಾರಸನ್ನು ಒಪ್ಪುವುದು ಬಿಡುವುದು ಲೋಕಸಭೆಗೆ ಬಿಟ್ಟದ್ದು. ಮಸೂದೆ ಈ ಜಾತಿಗೆ ಸೇರುತ್ತದೋ ಇಲ್ಲವೋ ಎಂದು ಪ್ರಮಾಣೀಕರಿಸುವುದು ಸ್ಪೀಕರ್. ಇದೊಂದು ಸಹಿಯಲ್ಲಿ ರಾಜ್ಯಸಭೆಯ ಪೂರ್ತಿ ಅಧಿಕಾರವನ್ನು ಪಕ್ಕಕ್ಕೆ ಸರಿಸಬಹುದು. 2016ರ ಆಧಾರ್ ಮಸೂದೆಯಲ್ಲಿ ಹಾಗೇ ಆಯಿತು. ರಾಜ್ಯಸಭೆ ಐದು ತಿದ್ದುಪಡಿಗಳನ್ನು ಸೂಚಿಸಿತು, ಲೋಕಸಭೆ ಅದೇ ದಿನ ಅವನ್ನು ತಳ್ಳಿಹಾಕಿತು. ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಮೊದಲು ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅದನ್ನು ಧನ ವಿಧೇಯಕವೆಂದು ಒಪ್ಪಿದರು, ಡಿ.ವೈ. ಚಂದ್ರಚೂಡ್ ಒಬ್ಬರೇ ಭಿನ್ನಮತ ಬರೆದು, ಇದು ಸಂವಿಧಾನಕ್ಕೆ ಮಾಡಿದ ವಂಚನೆ ಎಂಬ ನಿಲುವು ತಳೆದರು. ಆ ಭಿನ್ನಮತದ ಪರವಾಗಿ ಹೇಳಬೇಕಾದದ್ದು ಬಹಳವಿದೆ.

88ನೇ ವಿಧಿಯಂತೆ ಮಂತ್ರಿಗಳು ಎರಡೂ ಸದನಗಳಲ್ಲಿ ಮಾತಾಡಬಹುದು, ಮತ ಹಾಕುವುದು ತಾವು ಸದಸ್ಯರಾಗಿರುವ ಸದನದಲ್ಲಿ ಮಾತ್ರ. ಹಾಗಾಗಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ ಬಜೆಟ್ ಮಂಡಿಸುತ್ತಾರೆ. ಅದನ್ನು ಅಂಗೀಕರಿಸುವ ಮತದಾನದಲ್ಲಿ ಅವರ ಮತವಿಲ್ಲ. ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆರು ತಿಂಗಳ ಗಡುವಿನೊಳಗೆ ಕರ್ನಾಟಕದಿಂದ ರಾಜ್ಯಸಭೆ ಪ್ರವೇಶಿಸಿದರು. 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಕೋರಿ ಸೋತರು. ತಮ್ಮ ಸರ್ಕಾರದ ಅಳಿವು ಉಳಿವಿನ ಮತದಲ್ಲಿ ಪ್ರಧಾನಿಗೇ ಮತ ಇರಲಿಲ್ಲ. ಸರ್ಕಾರವನ್ನು ಇಳಿಸುವ ಶಕ್ತಿ ರಾಜ್ಯಸಭೆಗಿಲ್ಲ ಎಂಬ ನಿಯಮದ ಇನ್ನೊಂದು ಮುಖ ಇದು.

ಸಂವಿಧಾನ ತಿದ್ದುವಾಗ

ಇಲ್ಲಿ ಎರಡು ಸದನಗಳೂ ಸಮ. ಒಟ್ಟು ಸದಸ್ಯರಲ್ಲಿ ಬಹುಮತ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಪಾಲು ಪ್ರತಿ ಸದನದಲ್ಲೂ ಬೇಕು. ಜಂಟಿ ಅಧಿವೇಶನದ ದಾರಿ ಇಲ್ಲ. 1970ರ ಸೆಪ್ಟೆಂಬರಿನಲ್ಲಿ ಮಾಜಿ ರಾಜರ ರಾಜಧನ ರದ್ದು ಮಾಡುವ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಪರ 149, ವಿರೋಧ 75. ಬೇಕಾಗಿದ್ದ ಮೂರನೇ ಎರಡು ಪಾಲಿಗೆ ಒಂದು ಮತಕ್ಕಿಂತಲೂ ಕಡಿಮೆ ಕೊರತೆ. ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಸಲ್ಲುತ್ತಿದ್ದ ಕಾಲ. ಇಂದಿನ ಹಾವೇರಿ ಜಿಲ್ಲೆಯ ಸವಣೂರೂ ಒಂದು ನವಾಬಿ ಸಂಸ್ಥಾನವಾಗಿತ್ತು. ಮುಂದೆ 1971ರ 26ನೇ ತಿದ್ದುಪಡಿಯಿಂದ ರಾಜಧನ ನಿಂತಿತು.

1989ರದು ಹಳ್ಳಿಗೆ ನೇರವಾಗಿ ಸಂಬಂಧಿಸಿದ್ದು. ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಡುವ 64ನೇ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಸಲೀಸಾಗಿ ಪಾಸಾಗಿ ಅಕ್ಟೋಬರಿನಲ್ಲಿ ರಾಜ್ಯಸಭೆಯಲ್ಲಿ ಕೆಲವೇ ಮತಗಳಿಂದ ಸೋತಿತು. ರಾಜ್ಯಗಳನ್ನು ದಾಟಿ ದಿಲ್ಲಿ ನೇರವಾಗಿ ಹಳ್ಳಿಗೆ ಕೈಹಾಕುತ್ತಿದೆ ಎಂಬ ಆಕ್ಷೇಪ ಆಗ ಬಲವಾಗಿತ್ತು. ಕರ್ನಾಟಕ ಅಷ್ಟರಲ್ಲಿ 1983ರ ಕಾಯ್ದೆಯಡಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ 1987ರಲ್ಲಿ ಚುನಾವಣೆಯನ್ನೂ ನಡೆಸಿತ್ತು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಹೆಸರು ಆ ಕೆಲಸಕ್ಕೆ ಅಂಟಿಕೊಂಡೇ ಇದೆ. ರಾಜ್ಯಗಳ ವಿವೇಚನೆಗೆ ಹೆಚ್ಚು ಜಾಗ ಬಿಟ್ಟು ಮತ್ತೆ ರೂಪಿಸಿದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅಗಡಿಯ ಗ್ರಾಮ ಪಂಚಾಯತಿಗೆ ಸಂವಿಧಾನದ ಆಸರೆ ಸಿಕ್ಕದ್ದು ಹೀಗೆ, ಒಂದು ಸೋಲು ದಾಟಿ. ತಡವಾಯಿತು ನಿಜ, ಆದರೆ ಕೈಗೆ ಬಂದ ಕಾನೂನು ಮೊದಲಿನದಕ್ಕಿಂತ ಚೆನ್ನಾಗಿತ್ತು.

ತಿದ್ದುವ ಅಧಿಕಾರಕ್ಕೂ ಮಿತಿಯಿದೆ. ಅದನ್ನು ಕಟ್ಟಿಕೊಟ್ಟ ಮೊಕದ್ದಮೆ ಕಾಸರಗೋಡಿನ ಕನ್ನಡ ನೆಲದ್ದು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಹೂಡಿದ ದಾವೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾರದು ಎಂದಿತು. ಬಹುಮತದಲ್ಲಿದ್ದ ಕೆ.ಎಸ್. ಹೆಗ್ಡೆಯವರ ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ರಾಜೀನಾಮೆಯಿತ್ತರು. ನಾಲ್ಕು ವರ್ಷದ ನಂತರ ಅದೇ ಸಂಸತ್ತಿನ ಸ್ಪೀಕರ್ ಪೀಠದಲ್ಲಿ ಕೂತರು.

ರಾಜ್ಯಗಳ ಮೇಲೆ

ರಾಜ್ಯದ ಗಡಿ, ಹೆಸರು ಬದಲಿಸಲು ಎರಡೂ ಸದನಗಳ ಸಾಮಾನ್ಯ ಬಹುಮತ ಸಾಕು. ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಬೇಕೆಂದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ಧಾರವಾಡ ಜಿಲ್ಲೆಯನ್ನು, ಅದರೊಳಗಿನ ಹಾವೇರಿ ಸೀಮೆಯನ್ನು ಮುಂಬಯಿಯಿಂದ ಬಿಡಿಸಿ ನವೆಂಬರ್ 1ರಂದು ಮೈಸೂರಿಗೆ ಸೇರಿಸಿತು. ಅದೇ ಕಾಯ್ದೆ ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಸಂಸತ್ತಿನ ಕಾಯ್ದೆಯಿಂದ. ಹೊಸ ಅಖಿಲ ಭಾರತ ಸೇವೆ ಬೇಕಾದರೆ ಮೊದಲು ರಾಜ್ಯಸಭೆಯೇ ಮೂರನೇ ಎರಡರ ನಿರ್ಣಯ ಮಾಡಬೇಕು. 1961ರ ಅಂಥದೊಂದು ನಿರ್ಣಯದ ಫಲವಾಗಿ 1966ರಲ್ಲಿ ಭಾರತೀಯ ಅರಣ್ಯ ಸೇವೆ ಬಂತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡಿಕೊಳ್ಳುವ ಇಲಾಖೆಯ ಮೇಲಧಿಕಾರಿಗಳು ಆ ಸೇವೆಯವರು.

ರಾಷ್ಟ್ರಪತಿ ಆಳ್ವಿಕೆಗೆ ಎರಡು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು. ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯವರಾದ ಎಸ್.ಆರ್. ಬೊಮ್ಮಾಯಿ 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯಾಗಿದ್ದಾಗ ಸದನದಲ್ಲಿ ಬಹುಮತ ತೋರಿಸಲು ಅವಕಾಶವೇ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅವರು ಹೂಡಿದ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳು ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದರು. ಎರಡೂ ಸದನ ಒಪ್ಪುವ ತನಕ ವಿಧಾನಸಭೆ ವಿಸರ್ಜಿಸಬಾರದು, ಅಮಾನತಿನಲ್ಲಿಡಬಹುದಷ್ಟೇ ಎಂದೂ ಹೇಳಿದರು. ಬೊಮ್ಮಾಯಿಯವರಿಗೆ ಅಧಿಕಾರ ಮರಳಿ ಬರಲಿಲ್ಲ, ಆದರೆ ಅವರ ಹೆಸರು ದೇಶದ ಪ್ರತಿ ರಾಜ್ಯ ಸರ್ಕಾರಕ್ಕೂ ಗುರಾಣಿಯಾಯಿತು. 1999ರ ಫೆಬ್ರವರಿಯಲ್ಲಿ ಬಿಹಾರದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿದಾಗ ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಮತ ಸಾಲದೆಂದು ಕಂಡು ಸರ್ಕಾರ ಮಾರ್ಚ್‌ನಲ್ಲಿ ತಾನೇ ಹಿಂದೆಗೆಯಿತು. ಚುನಾಯಿತ ಸರ್ಕಾರ ಮತ್ತೆ ಕುರ್ಚಿಗೆ ಬಂತು.

ವಿಪ್ಪಿನ ಬಿಗಿ

1985ರ ಪಕ್ಷಾಂತರ ನಿಷೇಧ ಕಾನೂನು, ಅಂದರೆ ಹತ್ತನೇ ಅನುಸೂಚಿ, ಎರಡೂ ಸದನಗಳಿಗೂ ವಿಧಾನಮಂಡಲಗಳಿಗೂ ಅನ್ವಯ. ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದರೆ ಸ್ಥಾನ ಹೋಗುತ್ತದೆ. 2019ರಲ್ಲಿ ಕರ್ನಾಟಕದಲ್ಲಿ 17 ಶಾಸಕರು ಅನರ್ಹರಾದಾಗ ಹಿರೇಕೆರೂರು ಮತ್ತು ರಾಣೆಬೆನ್ನೂರಿನ ಜನ ಡಿಸೆಂಬರಿನಲ್ಲಿ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು. ರಾಜ್ಯಸಭಾ ಚುನಾವಣೆಯಲ್ಲಿ ಮಾತ್ರ ಅಡ್ಡಮತ ಹಾಕಿದರೆ ಈ ಕಾನೂನು ತಗಲುವುದಿಲ್ಲ. ಸದನಗಳೊಳಗೆ ಇದರ ಬೆಲೆ ದೊಡ್ಡದು. ಸರ್ಕಾರ ಉರುಳುವ ವಿಶ್ವಾಸಮತಕ್ಕೆ ಮತ್ತು ಬಜೆಟ್ಟಿಗೆ ವಿಪ್ ಇರಲಿ. ಉಳಿದ ಮಸೂದೆಗಳಲ್ಲಿ ಸದಸ್ಯರು ತಮ್ಮ ಬುದ್ಧಿಗೆ ತೋರಿದಂತೆ ಮತ ಹಾಕಲು ಬಿಟ್ಟರೆ ಎರಡನೇ ಸದನ ಹುಟ್ಟಿದ ಉದ್ದೇಶಕ್ಕೆ ಜೀವ ಬರುತ್ತದೆ.

ರಾಜ್ಯದ ಎರಡನೇ ಮನೆ

ಎರಡು ಸದನವಿರುವ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದರು, 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಇಂದಿನ ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಅಗಡಿಯ ಪದವೀಧರರು ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ, ಶಿಕ್ಷಕರು ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕುತ್ತಾರೆ. ಆ ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿ 1980ರಿಂದ 2022ರವರೆಗೆ ಎಂಟು ಸಲ ಗೆದ್ದರು. ಗ್ರಾಮ ಪಂಚಾಯತಿ ಸದಸ್ಯರಿಗೆ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತವಿದೆ. ಪರಿಷತ್ತಿಗೆ ರಾಜ್ಯಸಭೆಯ ಬಲವಿಲ್ಲ. ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಕಳಿಸಿದರೆ ಒಂದು ತಿಂಗಳು ತಡೆಯಬಹುದು. ಆಮೇಲೆ ವಿಧಾನಸಭೆಯದೇ ಮಾತು. ಪರಿಷತ್ತನ್ನು ಇಡುವ, ತೆಗೆಯುವ ಕಾನೂನು ಮಾಡುವುದು, ವಿಧಾನಸಭೆಯ ನಿರ್ಣಯದ ಮೇರೆಗೆ, ಮತ್ತೆ ಸಂಸತ್ತಿನ ಎರಡೂ ಸದನಗಳೇ.